ತೆಂಗಿನ ಮರಕ್ಕೆ ಕಟ್ಟಿದ ಟವರ್

2024ರ ಏಪ್ರಿಲ್ ಕೊನೆಯ ವಾರ, ಗಾಳಿಮಳೆಯ ಒಂದು ಸಂಜೆ, ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನನ್ನ ಅಕ್ಕನ ಮನೆಯ ಹಿತ್ತಿಲಲ್ಲಿದ್ದ ಹ್ಯಾಮ್ ರೇಡಿಯೊ ಟವರ್ ಬಿತ್ತು. ಎತ್ತರ ನಲವತ್ತೈದು ಅಡಿ. ಯಾರಿಗೂ ಪೆಟ್ಟಾಗಲಿಲ್ಲ. ಟವರ್ ಅಕ್ಕನ ಗಂಡನದು, ಅಂದರೆ ನನ್ನ ಭಾವನದು. ನಾನು ಇದೇ ಊರಿನ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕ. ಯಾರಿಗೂ ಪೆಟ್ಟಾಗದ ಘಟನೆಯಾದ್ದರಿಂದ ಮರುದಿನದ ಪುಟದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಭಾವ ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು. ಬೇಸಿಗೆ ರಜೆಯಲ್ಲಿ ಓದಿ, ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು, ಮನೆಯಿಂದಲೇ ದೂರದೇಶದವರೊಂದಿಗೆ ರೇಡಿಯೊದಲ್ಲಿ ಮಾತಾಡುವ ಹ್ಯಾಮ್ ರೇಡಿಯೊ ಲೈಸೆನ್ಸ್ ತೆಗೆದುಕೊಂಡಿದ್ದರು. ಆಗ ಅದು ಹವ್ಯಾಸ. ನಿವೃತ್ತಿಗೆ ಕೆಲವು ವರ್ಷ ಇರುವಾಗ ಗಂಟಲಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯನ್ನು ತೆಗೆದರು. ಅವರು ಈಗ ಉಸಿರಾಡುವುದು ಕತ್ತಿನ ಬುಡದಲ್ಲಿ ಮಾಡಿದ ತೂತಿನಿಂದ. ಅದರ ಮೇಲೆ ಅಕ್ಕ ಹೊಲಿದುಕೊಟ್ಟ ಬಿಳಿ ಬಟ್ಟೆಯ ತುಂಡು ಇರುತ್ತದೆ.

ಆಸ್ಪತ್ರೆಯವರು ಕತ್ತಿಗೆ ಒತ್ತಿ ಹಿಡಿದುಕೊಂಡು ಮಾತಾಡುವ ಬ್ಯಾಟರಿ ಯಂತ್ರವೊಂದನ್ನು ಕೊಡಿಸಿದ್ದರು. ತುಟಿಯಾಡಿಸಿದರೆ ಅದು ಗುಂಯ್‌ಗುಡುತ್ತ ಮಾತು ಹೊರಡಿಸುತ್ತದೆ. ಸ್ವಯಂ ನಿವೃತ್ತಿಯ ಬೀಳ್ಕೊಡುಗೆಯ ದಿನ ಭಾವ ಅದನ್ನು ಹಿಡಿದು ಮಾತಾಡಿದರು. ಮುಂದಿನ ಸಾಲಿನ ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಮೊದಲು ಗಟ್ಟಿಯಾಗಿ ನಕ್ಕವರು ವೇದಿಕೆಯ ಮೇಲೆ ಕೂತಿದ್ದ ದೈಹಿಕ ಶಿಕ್ಷಣದ ಮೇಷ್ಟ್ರು. ಆಮೇಲೆ ಮಕ್ಕಳೂ ನಕ್ಕರು. ಗುಬ್ಬಿ ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ಅವರಿಗೆ ದುಂಬಿ ಮೇಷ್ಟ್ರು ಎಂದು ಹೆಸರಾಗಿತ್ತು. ಯಂತ್ರ ಬೀರುವಿಗೆ ಹೋಯಿತು. ಮನೆಯಲ್ಲಿ ಮಾತಿಗೆ ಮೊಬೈಲ್ ಬಂತು: ಒಂದು ಬೆರಳಲ್ಲಿ ಕನ್ನಡ ಒತ್ತಿ, ತಿದ್ದಿ, ಎದುರಿನವರ ಮುಖದ ಮುಂದೆ ಹಿಡಿಯುವುದು. ಅಷ್ಟರಲ್ಲಿ ಎದುರಿನವರು ಬೇರೆ ವಿಷಯ ಮಾತಾಡುತ್ತಿರುತ್ತಿದ್ದರು.

ರೇಡಿಯೊದಲ್ಲಿ ಹಾಗಾಗುತ್ತಿರಲಿಲ್ಲ. ಮೋರ್ಸ್ ಎಂದರೆ ಗಿಡ್ಡ ಮತ್ತು ಉದ್ದ ಸದ್ದುಗಳಲ್ಲಿ ಅಕ್ಷರ ಕಳಿಸುವ ಹಳೆಯ ತಂತಿ ಭಾಷೆ. ಅದಕ್ಕೆ ಬೇಕಿರುವುದು ಎರಡು ಬೆರಳು. ಸಂಜೆ ಭಾವ ಮಧ್ಯದ ಕೋಣೆಯಲ್ಲಿ ಸೆಟ್ ಮುಂದೆ ಕೂತರೆ ಜಪಾನ್, ರಷ್ಯಾ, ಇಂಡೊನೇಷ್ಯಾದವರು ಸಿಗುತ್ತಿದ್ದರು. ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಎದುರಿನವನು ಮುಗಿಸುವ ಮೊದಲೇ ಇವರ ಕೈ ಸಂಕೇತ ಒತ್ತುವ ಕೀ ಮೇಲಿರುತ್ತಿತ್ತು. ಆ ಭಾಷೆಯಲ್ಲಿ ನಗುವುದಕ್ಕೂ ಒಂದು ಸಂಕೇತವಿದೆ. ಗಿಡ್ಡ ಸದ್ದುಗಳ ಒಂದು ಗೊಂಚಲು. ಭಾವ ಅದನ್ನು ಬಾರಿಸುವಾಗ ಭುಜ ಕುಲುಕುತ್ತಿತ್ತು. ತನಗೆ ದನಿ ಇಲ್ಲ ಎಂದು ಅವರು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಗಲ್ಲಿಯ ತುಂಬ ಎಲ್‌ಇಡಿ ದೀಪ, ಇನ್ವರ್ಟರ್, ಚಾರ್ಜರ್‌ಗಳ ವಿದ್ಯುತ್ ಗದ್ದಲ ರೇಡಿಯೊದಲ್ಲಿ ಸೇರಿಕೊಳ್ಳುವುದರಿಂದ ತಗ್ಗಿನಲ್ಲಿ ಕಟ್ಟಿದ ಆಂಟೆನಾ ತಂತಿಗೆ ದೂರದವರು ಸಿಗುವುದಿಲ್ಲ. ಎತ್ತರದ ಆಂಟೆನಾ ಬೇಕು. ಆದ್ದರಿಂದ ಟವರ್.

ಟವರ್ ಬಂದದ್ದು ಕುಣಿಗಲ್‌ನಿಂದ. ಅಲ್ಲಿ ಭಾವನಿಗೆ ಮೋರ್ಸ್ ಕಲಿಸಿದ ಹಿರಿಯರೊಬ್ಬರಿದ್ದರು. ಅವರು ತೀರಿಕೊಂಡು ಹನ್ನೊಂದನೆಯ ದಿನದ ಕೆಲಸ ಮುಗಿಯುತ್ತಿದ್ದಂತೆ ಮಗ ಫೋನ್ ಮಾಡಿದ. ನಾನು ಭಾವನ ಜೊತೆ ಹೋದೆ. ತಂದೆಯ ರೇಡಿಯೊಗಳನ್ನು ಅಂಗಳದಲ್ಲಿ ರಾಶಿ ಹಾಕಿದ್ದರು. ಮೇಲೊಂದು ಮುರಿದ ಫ್ಯಾನ್ ಇತ್ತು.

"ತಗೊಂಡೋಗಿ ಸಾರ್, ಜಾಗ ಖಾಲಿ ಆಗ್ಲಿ. ಗುಜರಿಯವ್ನೂ ಈ ಕಂಬ ಬ್ಯಾಡ ಅಂದ, ಬಿಚ್ಚೋ ಕೂಲಿ ಯಾರು ಕೊಡೋರು ಅಂದ," ಎಂದು ಮಗ ಹೇಳಿದ. ಆಮೇಲೆ ಭಾವನ ಕತ್ತಿನ ಬಟ್ಟೆ ನೋಡಿ ನನ್ನ ಕಡೆ ತಿರುಗಿದ. "ಇವ್ರಿಗೆ ಕಿವಿ ಕೇಳ್ಸುತ್ತಾ?"

"ಕೇಳಿಸುತ್ತೆ."

"ಹಂಗಾದ್ರೆ ನೀವೇ ಒಂದ್ಸಲ ಬುಡ್ಸಿ ಹೇಳ್ಬುಡಿ. ಸಂಜೆ ಒಳ್ಗೆ ಬಿಚ್ಕೊಂಡ್ರೆ ಸರಿ. ನಾಳೆ ಮನೆ ನೋಡಕ್ಕೆ ಪಾರ್ಟಿ ಬತ್ತಾರೆ."

ಭಾವ ತಲೆಯಾಡಿಸಿದರು. ಅವನು ಅದನ್ನು ನೋಡಲಿಲ್ಲ, ನನ್ನ ಉತ್ತರಕ್ಕೆ ಕಾಯುತ್ತಿದ್ದ.

ಉಪ್ಪಾರಹಳ್ಳಿಯ ಸೈಟು ಭಾವನ ತಂದೆ ಕೊಂಡದ್ದು. ಗುಬ್ಬಿ ಪಕ್ಕದ ತೋಟದಿಂದ ಒಂದು ತೆಂಗಿನ ಸಸಿ ತಂದು ಅದರ ಒಂದು ಮಗ್ಗುಲಲ್ಲಿ ಇಟ್ಟದ್ದೂ ಅವರೇ. ಸೈಟಿನ ಅರ್ಧದಲ್ಲಿ ಭಾವ ಮನೆ ಕಟ್ಟಿಸಿದ್ದರು. ಇನ್ನರ್ಧ ಅವರ ತಮ್ಮನದು ಎಂದು ಬಾಯಿಮಾತಿನಲ್ಲಿ ಆಗಿತ್ತು, ನಡುವೆ ಗೋಡೆ ಇರಲಿಲ್ಲ. ಮರ ಇದ್ದದ್ದು ಆ ಅರ್ಧದಲ್ಲಿ. ಆ ತಮ್ಮ ತುಮಕೂರಿನ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನನ್ನ ವಾರಿಗೆಯವನು, ಆಗ ಕ್ಯಾತ್ಸಂದ್ರದಲ್ಲಿ ಬಾಡಿಗೆ ಮನೆಯಲ್ಲಿದ್ದ. ಟವರಿನ ಬುಡದ ಕಬ್ಬಿಣದ ತಟ್ಟೆಯನ್ನು ಸತ್ಯಮಂಗಲದಲ್ಲಿ ಬೆಸುಗೆ ಹಾಕಿಸಿ, ಟೆಂಪೊದಲ್ಲಿ ತಂದವನು ಅವನೇ. ಇದನ್ನು ದಾಖಲಿಸಬೇಕು.

ಇಂಥ ತೆಳ್ಳನೆಯ ಟವರ್ ತನ್ನ ಕಾಲ ಮೇಲೆ ನಿಲ್ಲುವುದಿಲ್ಲ. ಮೂರು ದಿಕ್ಕಿಗೆ ಎಳೆದು ಕಟ್ಟಿದ ಸ್ಟೇ ವೈರ್‌ಗಳು ಅದನ್ನು ನಿಲ್ಲಿಸುತ್ತವೆ. ಎರಡು ದಿಕ್ಕಿನ ತಂತಿಗೆ ಭಾವನ ಜಾಗದಲ್ಲೇ ಕಾಂಕ್ರೀಟ್ ಗುಂಡಿ ತೋಡಿದರು. ಮೂರನೆಯದು ತಮ್ಮನ ಜಾಗಕ್ಕೆ ಹೋಗಬೇಕಿತ್ತು.

"ಮರಕ್ಕೇ ಕಟ್ಬುಡಣ್ಣ," ಎಂದ ತಮ್ಮ.

ಜೀವಂತ ಮರಕ್ಕೆ ಸ್ಟೇ ಕಟ್ಟಬಾರದು ಎಂದು ಎಲ್ಲ ಕೈಪಿಡಿಗಳಲ್ಲೂ ಇದೆ. ಭಾವ ಅದನ್ನು ಮೊಬೈಲಿನಲ್ಲಿ ಒತ್ತಿ ತೋರಿಸಿದರು.

"ಅದು ಮಾವಿನ್ ಮರಕ್ಕೆ, ಆಲದ್ ಮರಕ್ಕೆ ಬರ್ದಿರೋದು ಕಣಣ್ಣ. ಅವು ವರ್ಸ ವರ್ಸ ದಪ್ಪ ಆಯ್ತವೆ, ತಂತಿ ಕಚ್ತದೆ. ತೆಂಗು ದಪ್ಪ ಆಯ್ತದಾ? ಹುಟ್ದಾಗಿಂದ ನೋಡಿದೀಯ. ನೂರ್ ವರ್ಸ ಎಲ್ಲೋಯ್ತದೆ ಅದು, ಅಪ್ಪ ಇಟ್ಟಿರೋ ಮರ."

ತೆಂಗಿನ ಸೀಮೆಯವರು ಈ ವಾದವನ್ನು ಅಲ್ಲಗಳೆಯುವುದು ಕಷ್ಟ. ಟವರ್ ಏರಿಸಲು ಗುಬ್ಬಿಯಿಂದ ಬಂದಿದ್ದ, ತೆಂಗಿನ ಮರ ಹತ್ತುವ ಇಬ್ಬರೂ ಹೌದೌದು ಎಂದರು. ಭಾವ ಮೊಬೈಲ್ ಜೇಬಿಗೆ ಹಾಕಿಕೊಂಡರು. ಹಳೆಯ ಟೈರಿನ ತುಂಡನ್ನು ಕಾಂಡಕ್ಕೆ ಸುತ್ತಿ, ಮೇಲೆ ತಂತಿ ಬಿಗಿದರು. ಕಾಯಿ ಕೀಳುವ ಅದೇ ಹಗ್ಗದಲ್ಲಿ ಐದು ತುಂಡು ಟವರ್ ಒಂದರ ಮೇಲೊಂದು ಏರಿತು. ತುದಿಯಲ್ಲಿ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಕೂತಿತು.

ಅಲ್ಲಿಂದ ಮುಂದೆ ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ ಗುಬ್ಬಿಯವನೊಬ್ಬ ಬಂದು ಟವರ್ ಹತ್ತುತ್ತಿದ್ದ. ಬೋಲ್ಟ್ ನೋಡುವುದು, ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಬಳಿಯುವುದು, ಸ್ಟೇ ವೈರ್ ಬಿಗಿ ಮಾಡುವ ತಿರುಪುಗಳಿಗೆ ಗ್ರೀಸ್ ಹಾಕುವುದು. ಮರ ಗಾಳಿಗೆ ತೂಗುವುದರಿಂದ ಆ ಕಡೆಯ ತಂತಿ ಪ್ರತಿ ಸಲ ಸಡಿಲಾಗಿರುತ್ತಿತ್ತು. ಕೆಳಗೆ ನಿಂತು ಕೂಗಿ ಹೇಳಲು ಭಾವನಿಗೆ ದನಿಯಿಲ್ಲ, ಸೀಟಿ ಊದಲು ಬಾಯಲ್ಲಿ ಉಸಿರಿಲ್ಲ. ಊಟದ ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿಯುತ್ತಿದ್ದರು. ಒಂದು ಬಡಿತಕ್ಕೆ ನಿಲ್ಲಿಸು, ಎರಡಕ್ಕೆ ಬಿಗಿ ಮಾಡು, ಮೂರಕ್ಕೆ ಇಳಿ. ಎದುರು ಮನೆಯ ಹೆಂಗಸು ಕಾಂಪೌಂಡ್ ಮೇಲೆ ಒರಗಿ, "ಏನ್ ಮೇಷ್ಟ್ರೇ, ಊಟಕ್ಕಿಕ್ಕಿಲ್ವಾ ಮನೇಲಿ?" ಎಂದು ಪ್ರತಿ ವರ್ಷ ಕೇಳುತ್ತಿದ್ದಳು. ಅಕ್ಕ ಒಳಗಿನಿಂದ, "ಇಕ್ಕಿದೀನಿ, ನಿಮ್ಗೂ ಬೇಕಾ?" ಎನ್ನುತ್ತಿದ್ದಳು.

2023ರಲ್ಲಿ ಸೈಟು ಕಾಗದದ ಮೇಲೂ ಭಾಗವಾಯಿತು. ನಡುವೆ ಗೋಡೆ ಎದ್ದಿತು. ತಮ್ಮನಿಗೆ ಬ್ಯಾಂಕ್ ಸಾಲ ಮಂಜೂರಾಯಿತು. ಅವನ ಮನೆಯ ನಕ್ಷೆಯಲ್ಲಿ ಮರ ಇದ್ದ ಜಾಗಕ್ಕೆ ಅಡುಗೆಮನೆ ಬಂದಿತ್ತು.

2024ರ ಸಂಕ್ರಾಂತಿಯ ದಿನ ಅವನು ಎಳ್ಳು ಬೆಲ್ಲ ಕೊಡಲು ಬಂದಾಗ ನಾನೂ ಅಲ್ಲಿದ್ದೆ. ಭಾವ ಮೊದಲೇ ಒತ್ತಿಟ್ಟಿದ್ದ ಪರದೆಯನ್ನು ತೋರಿಸಿದರು. ಟವರನ್ನು ಮನೆಯ ಗೋಡೆಗೆ ಹತ್ತಿಸಿ ನಿಲ್ಲಿಸಿದರೆ ಮೂರನೆಯ ಸ್ಟೇ ಬೇಕಾಗುವುದಿಲ್ಲ. ಹೊಸ ಪಾಯ ಹಾಕಿ, ಮಳೆಗಾಲ ಕಳೆದ ಮೇಲೆ ಬಿಚ್ಚಿ ಕಟ್ಟುತ್ತೇನೆ. ಅಲ್ಲಿಯವರೆಗೆ ಮರ ಇರಲಿ ಎಂದು ಅದರಲ್ಲಿತ್ತು.

"ಅಯ್ಯೋ, ದೀಪಾವಳಿವರ್ಗೂ ಇರ್ಲಿ ಬುಡಣ್ಣ. ಕಾಯಿ ಬುಡೋ ಮರಕ್ಕೆ ನಾನು ಕೊಡ್ಲಿ ಹಾಕ್ತೀನಾ? ಇರೋನೊಬ್ಬ ಮಗ ನಂಗೆ," ಎಂದು ತಮ್ಮ ಕೆನ್ನೆ ಬಡಿದುಕೊಂಡ.

ಇದು ಆ ಸೀಮೆಯ ನಂಬಿಕೆ. ಫಲ ಬಿಡುವ ತೆಂಗು ಕಡಿದರೆ ಮನೆಯ ಗಂಡುಮಗುವಿಗೆ ಕೇಡು. ತಾನಾಗಿ ಸತ್ತ ಮರ ಕಡಿದರೆ ದೋಷವಿಲ್ಲ. ಹೀಗಾಗಿ ಅಡ್ಡ ಬಂದ ಮರಗಳು ತಾವಾಗಿ ಸಾಯುವಂತೆ ನೋಡಿಕೊಳ್ಳುವುದುಂಟು. ಬುಡದಲ್ಲಿ ಬೈರಿಗೆಯಿಂದ ತೂತು ಕೊರೆದು, ಇಂಗನ್ನೋ ಕಳೆನಾಶಕವನ್ನೋ ತುಂಬಿ, ಬಾಯಿ ಮೆತ್ತುತ್ತಾರೆ.

ಫೆಬ್ರವರಿಯಲ್ಲಿ ಮರದ ಎಳೆಗಾಯಿ ಉದುರತೊಡಗಿದವು. ಶಿವರಾತ್ರಿಯ ಹೊತ್ತಿಗೆ ಗರಿ ಹಳದಿಯಾಗಿ ಜೋತುಬಿದ್ದವು. ಆಮೇಲೆ ಸುಳಿ ಕಳಚಿತು. ಗೋಡೆಯ ಮೇಲಿಂದ ಬಗ್ಗಿ ನೋಡಿದಾಗ, ಬುಡದಲ್ಲಿ ಹೆಬ್ಬೆರಳು ಗಾತ್ರದ ಜಾಗಕ್ಕೆ ಸಿಮೆಂಟ್ ಮೆತ್ತಿದ್ದು ನನಗೆ ಕಾಣಿಸಿತು. ಯಾರು ಕೊರೆದರೋ ನಾನು ನೋಡಿಲ್ಲ.

ಭಾವ ತಮ್ಮನನ್ನು ಗೇಟಿನ ಬಳಿ ನಿಲ್ಲಿಸಿ ಮೊಬೈಲ್ ಹಿಡಿದರು. ಅದರಲ್ಲಿ ಇದ್ದದ್ದು: ಬುಡದಲ್ಲಿ ತೂತಿದೆ.

ಅವನು ಕೈಗೆ ತೆಗೆದುಕೊಂಡು ಬಿಸಿಲಿಗೆ ಅಡ್ಡ ಹಿಡಿದು ನೋಡಿದ. "ಕಾಣ್ಸಲ್ಲಣ್ಣ, ಕನ್ನಡ್ಕ ಮನೇಲೈತೆ," ಎಂದು ವಾಪಸು ಕೊಟ್ಟ. ಅಂಗಿಯ ಜೇಬಿನಲ್ಲಿ ಕನ್ನಡಕ ಇತ್ತು. ಭಾವ ಅದರ ಕಡೆ ಬೆರಳು ತೋರಿಸಿದರು. "ಇದು ದೂರದ್ದು ಕಣಣ್ಣ," ಎಂದ.

ಸತ್ತ ಮರ ಟವರನ್ನು ಎಷ್ಟು ದಿನ ಹಿಡಿಯುತ್ತದೆ ಎಂಬುದು ಭಾವನಿಗೆ ಲೆಕ್ಕ ಸಿಗದ ವಿಷಯವಾಗಿತ್ತು. ಹೊಸ ಪಾಯಕ್ಕೆ ಕಾಯದೆ ಮೊದಲು ಬಿಚ್ಚಿ ಇಳಿಸಿಬಿಡುವುದು ಎಂದು ತೀರ್ಮಾನಿಸಿದರು. ಇಳಿಸಿದರೆ ಮತ್ತೆ ಏರಿಸಬಹುದು. ಬಿದ್ದರೆ ಕುಣಿಗಲ್‌ನಂಥ ಇನ್ನೊಂದು ಟವರ್ ಸಿಗುವುದಿಲ್ಲ. ಯುಗಾದಿ ಮುಗಿದ ವಾರ ಗುಬ್ಬಿಯ ಇಬ್ಬರೂ ಬಂದರು. ಗೋಡೆಯಾಚೆಯ ಮರ ನೋಡಿ ಹಗ್ಗವನ್ನು ಕೆಳಗಿಟ್ಟರು.

"ಇದ್ ಸತ್ತೋಗೈತೆ ಮೇಷ್ಟ್ರೇ. ಇದ್ನ ನಂಬ್ಕೊಂಡು ಮ್ಯಾಕ್ ಹೋದ್ರೆ ನಾವೂ ಅದ್ರ ಜೊತೇಲೇ," ಎಂದ ಒಬ್ಬ. ಆ ಕಡೆ ನೆಲದಲ್ಲಿ ಕಬ್ಬಿಣದ ಗೂಟ ಹೊಡೆದು ಬೇರೆ ಹಗ್ಗ ಎಳೆದುಕೊಟ್ಟರೆ ಮಾತ್ರ ಹತ್ತುತ್ತೇವೆ ಎಂದರು. ಆ ಕಡೆ ಎಂದರೆ ತಮ್ಮನ ಸೈಟು. ಗೇಟಿಗೆ ಬೀಗವಿತ್ತು. ಅಕ್ಕ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಎತ್ತಿದವಳು ಅವಳ ಓರಗಿತ್ತಿ, ತಮ್ಮನ ಹೆಂಡತಿ.

"ಒಂದು ಗೂಟ ಕಣೇ. ಸಂಜೆಗೆ ಕಿತ್ತಾಕ್ತಾರೆ."

"ಗುದ್ಲಿ ಪೂಜೆ ಆಗೈತಲ್ಲಕ್ಕ. ಪೂಜೆ ಆಗಿರೋ ಜಾಗಕ್ಕೆ ಬೇರೆಯೋರು ಗೂಟ ಹೊಡದ್ರೆ ಮನೆ ಏಳಲ್ಲ ಅಂತ ನಮ್ಮಮ್ಮ ಹೇಳ್ತು."

"ಬೇರೆಯೋರು ಯಾರೇ ಇಲ್ಲಿ?"

"ನಾನೇನ್ ಹೇಳ್ಲಿ ಹೇಳಕ್ಕ. ಅವ್ರನ್ನೇ ಕೇಳಿ. ಅವ್ರು ಫ್ಯಾಕ್ಟ್ರೀಲವ್ರೆ, ಫೋನ್ ಒಳಕ್ಕ್ ಬುಡಲ್ಲ."

ಗುಬ್ಬಿಯವರು ಮಧ್ಯಾಹ್ನದವರೆಗೆ ನೆರಳಲ್ಲಿ ಕೂತಿದ್ದು ಬಸ್ ಹತ್ತಿದರು. ಆ ರಾತ್ರಿಯಿಂದ ಅಣ್ಣನ ಮನೆಯ ಫೋನನ್ನು ತಮ್ಮ ಎತ್ತಲಿಲ್ಲ. ಭಾವ ನಡೆದುಕೊಂಡು ಒಂದು ಸಲ, ನನ್ನ ಬೈಕಿನಲ್ಲಿ ಇನ್ನೊಂದು ಸಲ ಕ್ಯಾತ್ಸಂದ್ರಕ್ಕೆ ಹೋದರು. ಎರಡನೆಯ ಸಲ ಒಳಗೆ ಟಿವಿ ನಡೆಯುತ್ತಿತ್ತು. ಭಾವ ಬಾಗಿಲು ಬಡಿದರು. ಟಿವಿಯ ಸದ್ದು ನಿಂತಿತು. ಯಾರೂ ತೆಗೆಯಲಿಲ್ಲ. ಹೊರಗೆ ನಿಂತವರು ಯಾರು ಎಂದು ಒಳಗಿನವರು ಕೇಳಲೂ ಇಲ್ಲ. ಮಾತಾಡದೆ ಬಾಗಿಲು ಬಡಿಯುವವರು ಆ ಮನೆಗೆ ಒಬ್ಬರೇ ಬರುತ್ತಿದ್ದರು.

ಏಪ್ರಿಲ್‌ನ ಆ ಸಂಜೆ ಮಳೆಗೆ ಮುಂಚೆ ಗಾಳಿ ಬಂತು. ಅಕ್ಕ ಒಣಗಿದ ಬಟ್ಟೆ ಎಳೆದುಕೊಳ್ಳಲು ಹಿತ್ತಿಲಿಗೆ ಹೋಗಿದ್ದಳು. ಮರ ಸಿಮೆಂಟ್ ಮೆತ್ತಿದ್ದ ಜಾಗದಲ್ಲೇ ಮುರಿದು ಆಚೆಗೆ ಬಿತ್ತು. ತಂತಿ ಅದರ ಕೊರಳಲ್ಲೇ ಇತ್ತು. ಉಳಿದೆರಡು ತಂತಿ ಹರಿದು, ಟವರ್ ಮರದ ಹಿಂದೆಯೇ ಗೋಡೆಯ ಮೇಲಿಂದ ಬಾಗಿ, ಎರಡನೆಯ ತುಂಡಿನಲ್ಲಿ ಮಡಚಿಕೊಂಡು, ತಮ್ಮನ ಜಲ್ಲಿ ರಾಶಿಯ ಮೇಲೆ ಮಲಗಿತು. ಆಂಟೆನಾದ ಕಡ್ಡಿಗಳು ತುಂಡಾದವು. ಭಾವ ಆಗ ಸೆಟ್ ಮುಂದೆ ಕೂತು ಜಪಾನಿನ ಒಬ್ಬನೊಂದಿಗೆ ಮಾತಿನ ಮಧ್ಯದಲ್ಲಿದ್ದರು. ನಾನು ತಲುಪುವ ಹೊತ್ತಿಗೆ ಗಲ್ಲಿಯವರು ಛತ್ರಿ ಹಿಡಿದು ವಿಡಿಯೊ ತೆಗೆಯುತ್ತಿದ್ದರು. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಮೊಬೈಲ್ ಟವರ್ ಕುಸಿತ ಎಂದು ಹೋಗಿತ್ತು.

ತಮ್ಮ ಅರ್ಧ ಗಂಟೆಯಲ್ಲಿ ಬಂದ. ಆ ದಿನ ಫೋನ್ ಎತ್ತಿದ್ದ.

ಅವನು ಮರದ ಸುತ್ತ ಒಂದು ಸುತ್ತು ಹಾಕಿ ತಂತಿಯನ್ನು ಕಾಲಿನಿಂದ ತೋರಿಸಿದ. "ನೋಡ್ರಪ್ಪ ಎಲ್ರೂವೆ. ಮರ ತಾನಾಗ್ ಬಿದ್ದಿಲ್ಲ. ನಮ್ಮಣ್ಣನ ತಂತಿ ಎಳ್ದು ಕೆಡವೈತೆ."

ಮುಂದಿನ ಭಾನುವಾರ ಅಕ್ಕನ ಮನೆಯ ಹಜಾರದಲ್ಲಿ ಭಾವನ ಇಬ್ಬರು ದೊಡ್ಡಪ್ಪಂದಿರು ಗುಬ್ಬಿಯಿಂದ ಬಂದು ಕೂತರು. ತಮ್ಮನೇ ಕರೆಸಿದ್ದ. ಅಪ್ಪ ಇಟ್ಟ ಫಲದ ಮರ ಯಾರ ಕೈಯಿಂದ ಹೋಯಿತು ಎಂಬುದು ಪ್ರಶ್ನೆ. ಭಾವ ಮೊಬೈಲ್ ತೆಗೆದು ಒತ್ತತೊಡಗಿದರು.

"ಅವ್ನು ಬರೀಲಿ ತಡೀರಿ," ಎಂದರು ಇಬ್ಬರಲ್ಲಿ ದೊಡ್ಡವರು. ಸ್ವಲ್ಪ ಹೊತ್ತು ತಡೆದರು. ಕಾಫಿ ಬಂತು. ಇನ್ನೊಬ್ಬ ದೊಡ್ಡಪ್ಪ ಈ ಸಲದ ಕೊಬ್ಬರಿ ಬೆಲೆಯ ವಿಚಾರ ತೆಗೆದರು. ಭಾವ ಇನ್ನೂ ಒತ್ತುತ್ತಿದ್ದರು.

"ಏನ್ಲಾ, ಪೇಪರ್‌ಗೆ ಬರೀತಿದೀಯ?" ಎಂದು ದೊಡ್ಡವರು ಕೇಳಿದರು. ಎಲ್ಲರೂ ನಕ್ಕರು.

ಅಕ್ಕ ಮೊಬೈಲ್ ಇಸಿದುಕೊಂಡು ಗಟ್ಟಿಯಾಗಿ ಓದಿದಳು. ಬುಡದ ತೂತು, ಸಂಕ್ರಾಂತಿಯ ಮಾತು, ಗೂಟ ಹೊಡೆಯಲು ಬಿಡದ್ದು, ಎಲ್ಲ ಇತ್ತು. ತೂತಿನ ಭಾಗವನ್ನು ಅವಳು ಓದಲಿಲ್ಲ. ಭಾವ ಅವಳ ಮೊಣಕೈ ಹಿಡಿದು ಅಲ್ಲಾಡಿಸಿದರು. ಅವಳು ಮೊಬೈಲನ್ನು ಅವರ ತೊಡೆಯ ಮೇಲಿಟ್ಟು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ತೂತಿನ ಬಗ್ಗೆ ನಾನು ಹೇಳಿದೆ.

"ಪೇಪರ್‌ನೋರು ನೋಡಿದ್ರಾ ಕೊರೆಯೋದ?" ಎಂದ ತಮ್ಮ.

ಸಿಮೆಂಟ್ ನೋಡಿದ್ದೇನೆ, ಕೊರೆದದ್ದು ನೋಡಿಲ್ಲ ಎಂದೆ.

"ಅಷ್ಟೇ ತಾನೆ," ಎಂದ. ಮರದ ಬುಡವನ್ನು ಅಷ್ಟರಲ್ಲಿ ಜೆಸಿಬಿಯಲ್ಲಿ ಕಿತ್ತು ಸಾಗಿಸಲಾಗಿತ್ತು.

ದೊಡ್ಡವರು ತೀರ್ಪು ಕೊಟ್ಟರು. ದೋಷ ಅಣ್ಣನದು, ಮನೆದೇವರಿಗೆ ತಪ್ಪುಕಾಣಿಕೆ ಅವನು ಹಾಕಬೇಕು, ತಮ್ಮನ ಮನೆ ಏಳುವವರೆಗೆ ಕೈಲಾದ ಕೆಲಸಕ್ಕೆ ಒದಗಬೇಕು. ತಮ್ಮ ದೊಡ್ಡವರ ಕಾಲಿಗೆ ಬಿದ್ದು, ಎದ್ದು, ಅಣ್ಣನ ಹೆಗಲ ಮೇಲೆ ಕೈ ಹಾಕಿದ.

"ಬೇಜಾರ್ ಮಾಡ್ಕೋಬ್ಯಾಡ ಕಣಣ್ಣ. ಎರಡಂತಸ್ತು ಎತ್ತುಸ್ತಿದೀನಿ. ಮುಗೀಲಿ, ನಮ್ ಟೆರೇಸ್ ಮೇಲೇ ನಿನ್ ಕಂಬ ನಿಲ್ಸಣ. ಇದ್ಕಿಂತ ಎತ್ರ ಆಯ್ತದೆ. ಚೀನಾದೋರೇ ಬತ್ತಾರೆ ಮಾತಾಡಕ್ಕೆ."

ಭಾವ ತಲೆಯಾಡಿಸಿದರು. ಎತ್ತರದ ಲೆಕ್ಕ ಸರಿಯಾಗಿತ್ತು. ಅಲ್ಲೊಂದು ಇಪ್ಪತ್ತಡಿ ಪೈಪ್ ನಿಲ್ಲಿಸಿದರೂ ಸಾಕಾಗುತ್ತಿತ್ತು. ನೆಟ್ಟಗಿದ್ದ ಮೂರು ತುಂಡುಗಳನ್ನು ಗುಜರಿಗೆ ಕೊಡದೆ ಉಜ್ಜಿ, ಬಣ್ಣ ಬಳಿದು, ಗೋಡೆಗೆ ಒರಗಿಸಿಟ್ಟರು. ಅಲ್ಲಿಯವರೆಗೆ ಎಂದು ತಮ್ಮದೇ ಮನೆಯ ಮೇಲೆ ನೀರಿನ ಟ್ಯಾಂಕಿನಿಂದ ಮೆಟ್ಟಿಲ ಗೋಡೆಗೆ ಒಂದು ತಂತಿ ಕಟ್ಟಿಕೊಂಡರು. ಅದರಲ್ಲಿ ದೂರದವರು ಒಬ್ಬರನ್ನೊಬ್ಬರು ಕರೆಯುವುದು ಗದ್ದಲದ ನಡುವೆ ಸಣ್ಣಗೆ ಕೇಳಿಸುತ್ತಿತ್ತು. ಭಾವ ಕರೆದರೆ ಉತ್ತರ ಬರುತ್ತಿರಲಿಲ್ಲ.

ಮನೆ ಏಳಲು ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಭಾವ ಬೆಳಿಗ್ಗೆ ಸಂಜೆ ಪೈಪ್ ಹಿಡಿದು ಪಿಲ್ಲರಿಗೆ, ಗೋಡೆಗೆ, ಮೋಲ್ಡಿಂಗಿಗೆ ನೀರು ಹಾಕಿದರು. ಸಿಮೆಂಟ್ ಧೂಳು ಕತ್ತಿನ ತೂತಿಗೆ ಹೋಗಿ ಎರಡು ಸಲ ಆಸ್ಪತ್ರೆಗೆ ಸೇರಿಸಬೇಕಾಯಿತು. ಗಾರೆಯವರು ಅವರನ್ನು ಕರೆಯಲು ಬಾಣಲೆಗೆ ಕರಣೆಯಿಂದ ಬಡಿಯುತ್ತಿದ್ದರು. ಕಿವಿ ಕೇಳಿಸುತ್ತದೆ ಎಂದು ಅಕ್ಕ ಹೇಳಿದ ಮೇಲೂ ಬಡಿಯುತ್ತಿದ್ದರು. ತಮ್ಮ ಒಂದು ದಿನ ನನ್ನ ಎದುರಿಗೇ ಹೇಳಿದ: "ನಮ್ಮಣ್ಣನಂಥ ವಾಚ್‌ಮನ್ ಸಿಗಲ್ಲ ಪೇಪರ್‌ನೋರೇ. ಎದುರುತ್ರ ಇಲ್ಲ." ಭಾವ ಅಲ್ಲೇ ಪೈಪ್ ಸುತ್ತುತ್ತಿದ್ದರು.

ಗೃಹಪ್ರವೇಶಕ್ಕೆ ಗುಬ್ಬಿಯ ದೊಡ್ಡಪ್ಪಂದಿರು ಬಂದಿದ್ದರು. ಊಟವಾದ ಮೇಲೆ ಭಾವ ತಮ್ಮನನ್ನು ಮೆಟ್ಟಿಲ ಬಳಿ ನಿಲ್ಲಿಸಿ ಮೊಬೈಲ್ ತೋರಿಸಿದರು. ಅವನು ಈ ಸಲ ಕನ್ನಡಕ ಹಾಕಿಕೊಂಡೇ ಓದಿದ.

"ನಿಲ್ಸಣ ನಿಲ್ಸಣ. ಬಾಡ್ಗೇರು ಬರ್ಲಿ, ಅವ್ರ್‌ನೂ ಒಂದ್ ಮಾತು ಕೇಳ್ಬೇಕಲ್ಲ."

ಮೇಲಿನ ಮನೆಗೆ ಬಾಡಿಗೆಯವರು ಬಂದಿದ್ದಾರೆ. ಟೆರೇಸ್ ಅವರ ಒಪ್ಪಂದದಲ್ಲಿ ಸೇರಿದೆ. ಬಾಗಿಲಿಗೆ ಬೀಗವಿದೆ, ಬೀಗದ ಕೈ ಅವರಲ್ಲಿದೆ. ಕಳೆದ ತಿಂಗಳು ಭಾವ ಹೋಗಿ ಬಾಗಿಲು ಬಡಿದು ಪರದೆ ಹಿಡಿದರು. ಆ ಮನೆಯ ಹೆಂಗಸು ಹಿಂದಿ ಮಾತ್ರ ಬಲ್ಲವಳು. ಕತ್ತಿನ ಬಟ್ಟೆ ನೋಡಿ, ಒಳಗೆ ಹೋಗಿ, ಹತ್ತು ರೂಪಾಯಿ ತಂದು ಕೊಟ್ಟಳು.